ಡಬ್ಬಿಯೊಳಗೆ ಏನಿತ್ತು? ಊಹಿಸಿ ನೋಡೋಣ!

ಒಂದು ಹಳೇ ಬುತ್ತಿ ಡಬ್ಬಿ. ತಗಡಿನದು. ಜಜ್ಜಿಹೋಗಿದೆ. ಯಾವುದೋ ಕಾಲದಲ್ಲಿ ಕಲ್ಲಿದ್ದಲು ಗಣಿಯ ಕಾರ್ಮಿಕನ ಕೈಯಲ್ಲಿದ್ದದ್ದು. ಅದನ್ನು ಹಿಡಿದು ಮೈದಾನಕ್ಕಿಳಿಯುವ ಅವಕಾಶಕ್ಕಾಗಿ ದೈತ್ಯದೇಹಿ ಆಟಗಾರರು ಬೆವರು ಸುರಿಸುತ್ತಿದ್ದರು ಎಂದರೆ ನಂಬುತ್ತೀರಾ?

ನಂಬಲೇಬೇಕು! ಊರು, ಅಮೆರಿಕದ ಬ್ಲ್ಯಾಕ್ಸ್‌ಬರ್ಗ್. ತಂಡ, ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ್ದು. ಆಟ, ಅಮೆರಿಕನ್ ಫುಟ್‌ಬಾಲ್. ಕಥಾನಾಯಕ, ಬಡ್ ಫಾಸ್ಟರ್. ಹುದ್ದೆ? ಸಹಾಯಕ ಕೋಚ್! ಕೊನೆತನಕ ಸಹಾಯಕರೇ!

ಎಷ್ಟು ವರ್ಷ ಇದ್ದಿರಬಹುದು, ಹೇಳಿ. ಐದು? ಹತ್ತು? ಇನ್ನೂ ಮೇಲೆ ಹೋಗಿ! 1987ರಿಂದ 2019. ಬರೋಬ್ಬರಿ 33 ಸೀಸನ್! ಅದೂ ಎಂಥ ಕಸುಬಿನಲ್ಲಿ? ಗೆದ್ದರೆ ದೊಡ್ಡ ಸಂಬಳದ ಕರೆ, ಸೋತರೆ ಮನೆಗೆ ದಾರಿ!

ಮುಖ್ಯ ಕೋಚ್ ಫ್ರಾಂಕ್ ಬೀಮರ್ ಇವರ ಗುರು. ಮರ್ರೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಫಾಸ್ಟರ್ ಆಡುವಾಗಲೇ ಕೋಚ್ ಆಗಿದ್ದವರು. 2015ರಲ್ಲಿ ಗುರು ನಿವೃತ್ತರಾದರು. ಹೊಸ ಯಜಮಾನ ಬಂದರೆ ಹಳಬರಿಗೆ ಗೇಟ್‌ಪಾಸ್, ಅದೇ ಅಲ್ಲಿನ ರೂಢಿ. ಆದರೆ ಹೊಸ ಮುಖ್ಯ ಕೋಚ್ ಜಸ್ಟಿನ್ ಫುಯೆಂಟೆ ಮಾಡಿದ್ದೇನು? ಫಾಸ್ಟರ್ ಅವರನ್ನು ಉಳಿಸಿಕೊಂಡರು!

ಯಾಕೆ ಬಿಡುತ್ತಾರೆ ಹೇಳಿ! ಎದುರಾಳಿಯನ್ನು ಕಟ್ಟಿಹಾಕುವುದು ಇವರ ಖಾತೆ. ಒಂದು ಟಚ್‌ಡೌನ್‌ಗೇ 6 ಪಾಯಿಂಟ್ ಸಿಗುವ ಆಟ. 2006ರಲ್ಲಿ ಇವರ ಹುಡುಗರು ಪಂದ್ಯಕ್ಕೆ ಸರಾಸರಿ ಎಷ್ಟು ಬಿಟ್ಟುಕೊಟ್ಟರು? ಕೇವಲ 11! ಎರಡು ಟಚ್‌ಡೌನ್‌ಗೂ ಕಡಿಮೆ! ಇಡೀ ದೇಶಕ್ಕೇ ನಂಬರ್ ಒನ್! ಅದೇ ವರ್ಷ ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಸಲ್ಲುವ ಬ್ರಾಯಲ್ಸ್ ಪ್ರಶಸ್ತಿಯೂ ಬಂತು.

ಈಗ ಡಬ್ಬಿ ತೆರೆಯೋಣ. 1995ರಲ್ಲಿ ತಂಡಕ್ಕೆ ಬಂದದ್ದು ಅದು. ಗಣಿಗೆ ಇಳಿಯುವವರ ಹಾಗೆ ದಿನಾ ಬಂದು ದುಡಿಯಿರಿ, ಇಷ್ಟೇ ಪಾಠ. ಒಳಗೇನು? ಸ್ಯಾಂಡ್‌ವಿಚ್? ಅಲ್ಲ! ಕಾಗದ! ತಂಡದ ಗುರಿಗಳು, ಸಂಕಲ್ಪ. ಕೆಳಗೆ ರಕ್ಷಣಾ ಪಡೆಯ ಆಟಗಾರರ ಸಹಿ! ಚೆನ್ನಾಗಿ ದುಡಿದವನ ಕೈಗೆ ಡಬ್ಬಿ!

2007ರ ಸೀಸನ್‌ನಲ್ಲಿ ಅದರೊಳಗೆ ಇನ್ನೊಂದು ಪಟ್ಟಿ ಸೇರಿತು. 32 ಹೆಸರುಗಳು. ಆ ಏಪ್ರಿಲ್‌ನಲ್ಲಿ ಅದೇ ಕ್ಯಾಂಪಸ್‌ನಲ್ಲಿ ಗುಂಡಿಗೆ ಬಲಿಯಾದವರದು. ಅವರನ್ನೂ ಜೊತೆಗೆ ಕರೆದುಕೊಂಡೇ ಆ ತಂಡ ಆಡಿತು!

ಕೊನೆಯ ಒಗಟು. ನವೆಂಬರ್ 2019. ಇದೇ ನನ್ನ ಕೊನೇ ಸೀಸನ್ ಎಂದು ಫಾಸ್ಟರ್ ಮೊದಲೇ ಸಾರಿಯಾಗಿತ್ತು. ಜಾರ್ಜಿಯಾ ಟೆಕ್ ಮೇಲೆ ಪಂದ್ಯ. ಫಲಿತಾಂಶ 45–0! ಮುಂದಿನ ವಾರ, 23ನೇ ತಾರೀಕು, ಲೇನ್ ಸ್ಟೇಡಿಯಂ. ತವರಿನಲ್ಲಿ ಫಾಸ್ಟರ್ ಅವರ ಕೊನೆಯ ಪಂದ್ಯ. ಎದುರಾಳಿ ಪಿಟ್ಸ್‌ಬರ್ಗ್. ಅವರು ಗಳಿಸಿದ್ದೆಷ್ಟು?

ಸೊನ್ನೆ! 28–0! ಸತತ ಎರಡು ವಾರ, ಸತತ ಎರಡು ಸೊನ್ನೆ!

ಇವರು ಬರೀ ಸಹಾಯಕ ಕೋಚ್ ಅಂತೆ ರೀ!