ನೂರು ಔಷಧಗಳ ಪಟ್ಟಿ ಹುಟ್ಟಿದ ಬಗೆ

ವಾಯವ್ಯ ಇಂಗ್ಲೆಂಡಿನ 19 ಆಸ್ಪತ್ರೆಗಳಲ್ಲಿ ವೈದ್ಯರು ಬರೆದ 1,24,260 ಔಷಧ ಸೂಚನೆಗಳನ್ನು ತಾಳೆ ನೋಡಿದಾಗ 11,077 ತಪ್ಪುಗಳು ಸಿಕ್ಕವು. ನೂರಕ್ಕೆ ಸುಮಾರು 9. ಜನರಲ್ ಮೆಡಿಕಲ್ ಕೌನ್ಸಿಲ್‌ಗಾಗಿ ಟಿಮ್ ಡಾರ್ನನ್ ನೇತೃತ್ವದಲ್ಲಿ ನಡೆದ ‘ಇಕ್ವಿಪ್’ ಎಂಬ ಈ ಅಧ್ಯಯನ 2009ರಲ್ಲಿ ಹೊರಬಂತು. ಪುಣ್ಯಕ್ಕೆ, ತಪ್ಪುಗಳಲ್ಲಿ ಹೆಚ್ಚುಪಾಲು ರೋಗಿಯನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದು ಸರಿಯಾಗಿದ್ದವು.

ಇದೆಲ್ಲ ಹೊಸಬರ ಕೈಗುಣ ಎಂದು ತಳ್ಳಿಹಾಕುವಂತಿರಲಿಲ್ಲ. ನಮ್ಮ ಹೌಸ್ ಸರ್ಜನ್‌ಗಳಿಗೆ ಹತ್ತಿರದವರಾದ ಅಲ್ಲಿನ ಮೊದಲ ವರ್ಷದ ಕಿರಿಯ ವೈದ್ಯರು ನೂರಕ್ಕೆ 8.4 ತಪ್ಪು ಮಾಡಿದ್ದರೆ, ಎರಡನೇ ವರ್ಷದವರು 10.3 ಮಾಡಿದ್ದರು. ಹಿರಿಯ ಕನ್ಸಲ್ಟೆಂಟರ ಲೆಕ್ಕದಲ್ಲೂ 5.9 ಇತ್ತು.

ಹಾಗಾದರೆ ಕಲಿಸುವುದರಲ್ಲಿ ಎಲ್ಲಿ ಕೊರತೆ? ಔಷಧಶಾಸ್ತ್ರದ ದಪ್ಪ ಪುಸ್ತಕದಲ್ಲಿ ನೂರಾರು ಹೆಸರುಗಳಿರುತ್ತವೆ. ವಿದ್ಯಾರ್ಥಿ ಎಲ್ಲವನ್ನೂ ಒಂದೇ ತೂಕದಲ್ಲಿ ಓದಿ, ಪರೀಕ್ಷೆ ಮುಗಿಯುವಷ್ಟರಲ್ಲಿ ಅರ್ಧ ಮರೆತಿರುತ್ತಾನೆ. ಲಂಡನ್ನಿನ ಎಮ್ಮಾ ಬೇಕರ್ ಮತ್ತು ಸಂಗಡಿಗರು ಹಿಡಿದ ದಾರಿ ಸರಳವಾದದ್ದು: ವೈದ್ಯರು ನಿಜಕ್ಕೂ ಏನನ್ನು ಬರೆಯುತ್ತಾರೆ ಎಂದು ಎಣಿಸಿ ನೋಡುವುದು. ಕಿರಾಣಿ ಅಂಗಡಿಯಲ್ಲಿ ಸಾವಿರ ಸಾಮಾನಿದ್ದರೂ ಅಡುಗೆಯವರ ಕೈ ದಿನಾ ಹೋಗುವುದು ಒಗ್ಗರಣೆ ಡಬ್ಬಿಗೆ. ಆ ಡಬ್ಬಿಯಲ್ಲಿ ಏನಿದೆ ಎಂಬುದೇ ಬೇಕರ್ ತಂಡದ ಪ್ರಶ್ನೆ.

ಇಂಗ್ಲೆಂಡಿನ ಕುಟುಂಬ ವೈದ್ಯರ ಚೀಟಿಗಳ ಅಂಕಿಅಂಶವನ್ನೂ ಲಂಡನ್ನಿನ ಎರಡು ಬೋಧನಾ ಆಸ್ಪತ್ರೆಗಳ ದಾಖಲೆಗಳನ್ನೂ ಅವರು ತರಿಸಿಕೊಂಡರು. ಕುಟುಂಬ ವೈದ್ಯರು, ಆಸ್ಪತ್ರೆಗಳು ಈ ಎರಡರಲ್ಲಿ ಒಂದು ಕಡೆಯಾದರೂ ಸಾವಿರ ಚೀಟಿಗೆ ಒಂದರಂತೆ ಕಾಣಿಸಿಕೊಂಡ ಔಷಧವನ್ನು ಮಾತ್ರ ಆರಿಸಿದರು. ಸೋಸಿದಾಗ ಉಳಿದವು 100. ಎರಡು ವರ್ಷ ಬಿಟ್ಟು ಮತ್ತೆ ಎಣಿಸಿದರೂ ಪಟ್ಟಿ ಹೆಚ್ಚು ಕದಲಿರಲಿಲ್ಲ. ಮೊದಲ ವರ್ಷದ ವೈದ್ಯರನ್ನು ಕೇಳಿದಾಗ, ನೂರಕ್ಕೆ 76 ಮಂದಿ ಪಟ್ಟಿಯಾಚೆಯ ಯಾವ ಔಷಧವನ್ನೂ ವಾಡಿಕೆಯಾಗಿ ಬರೆಯುತ್ತಿರಲಿಲ್ಲ.

ಕಣ್ತೆರೆಸುವ ಸಂಗತಿ ಇನ್ನೂ ಬಾಕಿ ಇತ್ತು. ಔಷಧಗಳ 39 ವರ್ಗಗಳಲ್ಲಿ ಯಾವುದನ್ನು ಎಷ್ಟು ಬರೆಯುತ್ತಾರೆ ಎಂಬ ಲೆಕ್ಕವನ್ನು ಅವರು ‘ಇಕ್ವಿಪ್’ ಪತ್ತೆಹಚ್ಚಿದ ತಪ್ಪುಗಳ ಪಕ್ಕದಲ್ಲಿಟ್ಟರು. ಎರಡೂ ಬಹುಮಟ್ಟಿಗೆ ಜೊತೆಜೊತೆಯಾಗಿ ಏರಿಳಿದವು. ಅಪರೂಪದ, ಅಪಾಯಕಾರಿ ಔಷಧದಲ್ಲೇ ಕೈತಪ್ಪುತ್ತದೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ತಪ್ಪುಗಳ ರಾಶಿ ಬಿದ್ದಿದ್ದದ್ದು ದಿನಾ ಬರೆಯುವ ಔಷಧಗಳಲ್ಲೇ. 2011ರಲ್ಲಿ ಪ್ರಕಟವಾದ ಈ ಕೆಲಸ ಶಿಕ್ಷಕರಿಗೆ ಒಂದು ದಾರಿ ತೋರಿಸಿತು: ಮೊದಲು ಈ ನೂರನ್ನು ಗಟ್ಟಿ ಮಾಡಿಸಿ, ಪರಿಚಯವಿಲ್ಲದ ಔಷಧ ಎದುರಾದಾಗ ಪುಸ್ತಕ ತೆರೆದು ನೋಡುವ ಅಭ್ಯಾಸವನ್ನೂ ಜೊತೆಯಲ್ಲೇ ಕಲಿಸಿ.

ಈ ಯೋಚನೆಗೆ ಹಿರಿಯಣ್ಣನೊಬ್ಬನಿದ್ದಾನೆ. ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್‌ನಲ್ಲಿ ಬೆಳೆದ ‘ಪಿ-ಡ್ರಗ್’ ಪದ್ಧತಿಯಲ್ಲಿ ವಿದ್ಯಾರ್ಥಿ ತನ್ನ ಪಟ್ಟಿಯನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಔಷಧದ ಗುಣ, ಸುರಕ್ಷತೆ, ರೋಗಿಗೆ ಒಗ್ಗುವಿಕೆ, ಬೆಲೆ ಈ ನಾಲ್ಕನ್ನೂ ತೂಗಿ ಆರಿಸುತ್ತಾನೆ. ದೆಹಲಿಯೂ ಸೇರಿದಂತೆ ಏಳು ಊರುಗಳ 219 ವಿದ್ಯಾರ್ಥಿಗಳ ನಡುವೆ ಈ ಪದ್ಧತಿಯನ್ನು ಪರೀಕ್ಷಿಸಿದಾಗ, ನೋವಿನ ಚಿಕಿತ್ಸೆಯಲ್ಲಿ ಹೀಗೆ ಕಲಿತವರು ಬೇರೆ ಕಾಯಿಲೆಗಳಲ್ಲೂ ಉಳಿದವರಿಗಿಂತ ಚೆನ್ನಾಗಿ ಬರೆದರು.

2019ರಿಂದ ಜಾರಿಯಲ್ಲಿರುವ ನಮ್ಮ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಪಿ-ಡ್ರಗ್ ಪಟ್ಟಿ ತಯಾರಿಸುವುದೂ ಒಂದು ಕಲಿಕೆ. ಕರ್ನಾಟಕದ ವಿದ್ಯಾರ್ಥಿಗಳೂ ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಅದು ಬರೀ ಸಹಿಗಾಗಿ ಬರೆದ ಪುಟವಾಗಬಾರದು. ನೂರನೇ ಸಲ ಬರೆಯುವ ಪ್ಯಾರಸಿಟಮಾಲ್ ಆದರೂ, ಚೀಟಿ ಹಿಡಿದು ಹೊರಟವರಿಗೆ ಅದು ಆ ದಿನದ ಒಂದೇ ಔಷಧ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂದು ಪ್ರತಿ ಸಲವೂ ನಿಂತು ಯೋಚಿಸುವುದನ್ನೇ ಆ ಪಟ್ಟಿ ಕಲಿಸಬೇಕು.