ಹಳೇ ತಾಮ್ರದ ಬಾಯ್ಲರಿಗೆ ಹೊಸ ಒಲೆ

ಸೋಲಾರ್ ಹೀಟರು, ಗ್ಯಾಸ್ ಗೀಸರು ಬಂದ ಮೇಲೆ ಬಚ್ಚಲುಮನೆಯಿಂದ ಹೊರಬಿದ್ದ ತಾಮ್ರದ ಬಾಯ್ಲರುಗಳು ಹಳೇ ಪಾತ್ರೆ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ತೆಂಗು, ಅಡಿಕೆ ಬೆಳೆಯುವವರ ಹಿತ್ತಲಲ್ಲಿ ಮಟ್ಟೆ, ಸಿಪ್ಪೆ, ಕರಟಗಳಿಗೆ ಬರವಿಲ್ಲ. ಮಲೆನಾಡಿನ ಆಷಾಢದಲ್ಲಿ ಬಿಸಿಲನ್ನು ನೆಚ್ಚಿ ಸ್ನಾನದ ನೀರು ಕಾಯಿಸಲಾಗದು. ಅಂಥ ಮನೆಗೆ ಹಳೇ ಬಾಯ್ಲರು ಈಗಲೂ ಒಳ್ಳೆಯ ಯಂತ್ರವೇ. ಆದರೆ ತಂದದ್ದನ್ನು ಹಾಗೇ ನಿಲ್ಲಿಸಿ ಬೆಂಕಿ ಹಾಕಿದರೆ ಸೌದೆ ಹೆಚ್ಚು ಬೇಡುತ್ತದೆ, ಹೊಗೆಯೂ ಹೆಚ್ಚು. ಇದಕ್ಕೆ ಅದರ ರಚನೆಯೇ ಕಾರಣ.

ದೊಡ್ಡ ತಾಮ್ರದ ಉರುಳೆಯ ನಟ್ಟನಡುವೆ ಒಂದು ಕೊಳವೆ. ಅದೇ ಒಲೆ, ಅದೇ ಹೊಗೆಯ ದಾರಿ. ಕೊಳವೆಗೂ ಹೊರಮೈಗೂ ನಡುವೆ ನೀರು. ಕೆಳಗೆ ಜಾಲರಿ, ಅದರಡಿ ಬೂದಿಯ ಗೂಡು. ಮೇಲಿನ ಆಲಿಕೆಗೆ ಸುರಿದ ತಣ್ಣೀರು ಒಂದು ಸಣ್ಣ ಕೊಳವೆಯಲ್ಲಿ ತಳಕ್ಕಿಳಿಯುತ್ತದೆ. ಬಿಸಿನೀರು ಹಗುರವಾದ್ದರಿಂದ ಮೇಲೆಯೇ ನಿಂತಿರುತ್ತದೆ. ತಣ್ಣೀರು ಕೆಳಗಿನಿಂದ ತಳ್ಳಿದಷ್ಟೂ ಮೂತಿಯಿಂದ ಹೊರಬರುತ್ತದೆ. ನಲ್ಲಿ, ಪಂಪು, ಒತ್ತಡ ಯಾವುದೂ ಬೇಡದ ಈ ಏರ್ಪಾಡು ನನಗೆ ಬಹಳ ಮೆಚ್ಚು.

ಇನ್ನು ಬೆಂಕಿಯ ವಿಚಾರ. ಕಟ್ಟಿಗೆ ಇದ್ದಲ್ಲೇ ಉರಿಯುವುದಿಲ್ಲ. ಕಾವಿಗೆ ಮೊದಲು ಒಡೆದು ಅನಿಲವಾಗುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹೀಗೆ ಅನಿಲವಾಗಿ ಏಳುತ್ತದೆ. ನಾವು ಜ್ವಾಲೆ ಎನ್ನುವುದು ಆ ಅನಿಲ ಉರಿಯುವುದನ್ನು. ಉಳಿದದ್ದು ಕೆಂಡ. ಈ ಅನಿಲ ಪೂರ್ತಿ ಉರಿಯಲು ಸುಮಾರು 600 ಡಿಗ್ರಿಗೂ ಮೇಲ್ಪಟ್ಟ ಕಾವು, ಸಾಕಷ್ಟು ಗಾಳಿ, ಎರಡೂ ಬೆರೆಯಲು ಸ್ವಲ್ಪ ಜಾಗ ಬೇಕು. ಬಾಯ್ಲರಿನೊಳಗೆ ಆಗುವುದೇ ಬೇರೆ. ಹಿಂದೆ ನೀರಿರುವವರೆಗೆ ತಾಮ್ರದ ಗೋಡೆ 100 ಡಿಗ್ರಿಯ ಆಸುಪಾಸನ್ನು ದಾಟುವುದಿಲ್ಲ. ಬೆಂಕಿಯ ಲೆಕ್ಕದಲ್ಲಿ ಅದು ತಣ್ಣನೆಯ ಗೋಡೆ. ಅದನ್ನು ಮುಟ್ಟಿದ ಜ್ವಾಲೆ ಅರ್ಧಕ್ಕೇ ಆರುತ್ತದೆ. ಉರಿಯದ ಅನಿಲ ಮಸಿಯಾಗಿ, ಡಾಂಬರಿನಂಥ ಜಿಗುಟಾಗಿ ಗೋಡೆಗೆ ಅಂಟುತ್ತದೆ, ಇಲ್ಲವೇ ಹೊಗೆಯಾಗಿ ಮೇಲೇರುತ್ತದೆ.

ಆದ್ದರಿಂದ ಮಾಡಬೇಕಾದ ಮುಖ್ಯ ಸುಧಾರಣೆ ಒಂದೇ: ಉರಿಯುವ ಜಾಗವನ್ನೂ ಕಾವು ಹೀರುವ ಜಾಗವನ್ನೂ ಬೇರೆ ಮಾಡುವುದು. ಬಾಯ್ಲರಿನೊಳಗಿನ ಜಾಲರಿಯನ್ನು ತೆಗೆದುಬಿಡಿ. ಅದರ ಕೆಳಗೆ ಮುಕ್ಕಾಲಿನಿಂದ ಒಂದು ಅಡಿ ಎತ್ತರದ ಇಟ್ಟಿಗೆಯ ಗೂಡು ಕಟ್ಟಿ, ಜಾಲರಿಯನ್ನು ಅಲ್ಲಿ ಕೂರಿಸಿ. ಫೈರ್ ಬ್ರಿಕ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಚೆನ್ನಾಗಿ ಸುಟ್ಟ ಕೆಂಪು ಇಟ್ಟಿಗೆ. ಗಾರೆಗೆ ಸಿಮೆಂಟು ಬೇಡ, ಅದು ಕಾವಿಗೆ ಬಿರಿದು ಉದುರುತ್ತದೆ. ಜೇಡಿಮಣ್ಣು, ಮರಳು ಸಾಕು. ಗೂಡಿನ ಸುತ್ತ ಇನ್ನೊಂದು ಸುತ್ತು ಇಟ್ಟಿಗೆ ಕಟ್ಟಿ ನಡುವೆ ಒಣಬೂದಿ ತುಂಬಿದರೆ ಕಾವು ಹೊರಗೆ ಹರಿಯದು. 40 ಲೀಟರ್ ನೀರು ತುಂಬಿದ ಬಾಯ್ಲರು ಇದರ ಮೇಲೆ ಕೂರಬೇಕಾದ್ದರಿಂದ ಅಡಿಪಾಯ ಗಟ್ಟಿಯಾಗಿ, ಮಟ್ಟಸವಾಗಿ ಇರಲಿ. ಜಾಲರಿಯ ಕೆಳಗೊಂದು ಗಾಳಿಬಾಯಿ, ಮೇಲೆ ಕೆಲವು ಸಣ್ಣ ತೂತು: ಕೆಳಗಿನದು ಕೆಂಡಕ್ಕೆ, ಮೇಲಿನದು ಅನಿಲಕ್ಕೆ.

ಒಲೆಯೊಳಗೆ ಗಾಳಿಯನ್ನು ಅಳತೆಗೆ ತರುವ ಈ ವಿಚಾರದ ಮೇಲೆ ನಮ್ಮಲ್ಲೇ ಗಟ್ಟಿ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆಯಲ್ಲಿ ಮುಚ್ಚಿದ ಉರಿಗೂಡು, ಜಾಲರಿ, ಹೊಗೆಕೊಳವೆ ಎಲ್ಲವೂ ಲೆಕ್ಕ ಹಾಕಿ ಇಟ್ಟವು. ಹಳ್ಳಿಯ ಹೆಂಗಸರ ಕಣ್ಣು, ಎದೆಗಳನ್ನು ನೆನೆದು ವಿಜ್ಞಾನಿಗಳು ಒಲೆಯ ಮುಂದೆ ಕೂತರಲ್ಲ, ಅದು ಸಣ್ಣ ಸಂಗತಿಯಲ್ಲ.

ತಾಮ್ರಕ್ಕೆ ಬಿಸಿ ಬೇಗ ದಾಟುತ್ತದೆ, ಆದ್ದರಿಂದಲೇ ತಾಮ್ರದ ಬಾಯ್ಲರು ಎಂಬ ಮಾತಿದೆ. ಮೊದಲರ್ಧ ನಿಜ, ಎರಡನೆಯದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಬಿಸಿ ತಡೆದು ನಿಲ್ಲುವುದು ಲೋಹದಲ್ಲಲ್ಲ, ಉರಿಗಾಳಿ ಲೋಹವನ್ನು ಮುಟ್ಟುವ ಗಡಿಯಲ್ಲಿ. ಅಲ್ಲಿನ ಅಡ್ಡಿಯ ಎದುರು ಒಂದು ಮಿಲಿಮೀಟರ್ ತಾಮ್ರದ ಅಡ್ಡಿ ಸಾವಿರದಲ್ಲೊಂದು ಪಾಲೂ ಇಲ್ಲ, ಸ್ಟೀಲಿನದೂ ಅತ್ಯಲ್ಪವೇ. ತಾಮ್ರದ ನಿಜವಾದ ಗುಣ ತುಕ್ಕು ಹಿಡಿದು ತೂತಾಗದಿರುವುದು, ಬಡಿದರೆ ಬಾಗುವುದು, ಬೆಸುಗೆಗೆ ಒಗ್ಗುವುದು. ಈ ಲೆಕ್ಕದಿಂದ ಎರಡು ಕೆಲಸ ಹೊಳೆಯುತ್ತವೆ. ಒಂದು, ಮಸಿ ಕೆರೆಯುವುದು. ಒಂದು ಮಿಲಿಮೀಟರ್ ಮಸಿ ಕಾವಿಗೆ ಒಡ್ಡುವ ತಡೆ ಅದೇ ದಪ್ಪದ ತಾಮ್ರದ್ದಕ್ಕಿಂತ ಸಾವಿರಾರು ಪಟ್ಟು. ಬೋರ್‌ವೆಲ್ ನೀರಿನ ಬಿಳಿ ಹಕ್ಕಳೆಯೂ ತಡೆಯುತ್ತದೆ, ಆದರೆ ಮಸಿಯಷ್ಟಲ್ಲ. ಅದನ್ನು ಹುಣಸೆ ನೀರಿನಲ್ಲಿ ನೆನೆಸಿ ಬಿಡಿಸಬಹುದು. ಇನ್ನೊಂದು, ನಡುಗೊಳವೆಯೊಳಗೆ ತಿರುಚಿದ ತಗಡಿನ ಪಟ್ಟಿಯೊಂದನ್ನು ಇಳಿಬಿಡುವುದು. ನೇರ ಮೇಲೇರುತ್ತಿದ್ದ ಉರಿಗಾಳಿ ಸುತ್ತಿ ಸುತ್ತಿ ಗೋಡೆಗೆ ತಾಗುತ್ತದೆ. ಕಾರ್ಖಾನೆಗಳ ಬಾಯ್ಲರು ಕೊಳವೆಗಳಲ್ಲೂ ಇದೇ ಉಪಾಯ. ಬೆಂಕಿ ಹೊತ್ತಿಸುವಾಗ, ಮಸಿ ತೆಗೆಯುವಾಗ ಮೇಲಕ್ಕೆಳೆದುಕೊಳ್ಳುವಂತೆ ಕೊಕ್ಕೆ ಇರಲಿ.

ಪಟ್ಟಿ ಇಟ್ಟರೆ ಗಾಳಿಯ ಓಟಕ್ಕೆ ತುಸು ತಡೆ. ಅದನ್ನು ಗೆಲ್ಲುವುದು ಹೊಗೆಕೊಳವೆಯ ಎತ್ತರ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.2 ಕಿಲೋ, 200 ಡಿಗ್ರಿಯ ಹೊಗೆಯದು ಮುಕ್ಕಾಲು ಕಿಲೋ. ಮೂರು ಮೀಟರ್ ಕೊಳವೆಯಲ್ಲಿ ಈ ವ್ಯತ್ಯಾಸದಿಂದ ಹುಟ್ಟುವ ಸೆಳೆತ ಕೇವಲ ಒಂದೂಕಾಲು ಮಿಲಿಮೀಟರ್ ನೀರಿನಷ್ಟು. ಅಷ್ಟೇ ಬಲ ಇಡೀ ಒಲೆಯನ್ನು ನಡೆಸಬೇಕು. ಹಾಗಾಗಿ ಒಂದು ಹೆಚ್ಚುವರಿ ಬಾಗು, ಒಂದು ಸೋರುವ ಕೀಲು ಇದ್ದರೂ ಒಲೆ ಮಂಕಾಗುತ್ತದೆ.

ಸೌದೆಯ ವಿಷಯದಲ್ಲಿ ಜಾತಿಗಿಂತ ಒಣಗಿರುವುದೇ ಮುಖ್ಯ. 40 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಬೇಕಾದ್ದು ಸುಮಾರು 6 ಮೆಗಾಜೂಲ್. ಒಣಸೌದೆ ಕಿಲೋಗೆ 15ರಷ್ಟು ಕೊಡುತ್ತದೆ. ಕಾವಿನಲ್ಲಿ ನೂರಕ್ಕೆ 40 ಪಾಲು ನೀರಿಗೆ ದಕ್ಕಿದರೆ ಒಂದು ಕಿಲೋ ಸೌದೆಗೆ ಎರಡು ಸ್ನಾನ. ಹಸಿ ಕಟ್ಟಿಗೆಯಲ್ಲಿ ಅರ್ಧ ತೂಕ ನೀರೇ ಇರಬಹುದು. ಆಗ ಸಿಗುವುದೂ ಅರ್ಧ, ಮೇಲೆ ಹೊಗೆ ಬೇರೆ. ಮಳೆಗಾಲಕ್ಕೆ ಮುಂಚೆ ಸೌದೆ ಒಡೆದು ಕೊಟ್ಟಿಗೆಯಲ್ಲಿ ಒಟ್ಟುವ ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹಳೇ ಸಾಮಾನಿನ ಅಪಾಯಗಳನ್ನು ಒತ್ತಿ ಹೇಳಲೇಬೇಕು. ನೀರಿಲ್ಲದೆ ಬೆಂಕಿ ಹಾಕಕೂಡದು: ಸೀಸ, ತವರ ಬೆರೆತ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ, ಕೀಲು ಬಿಡುತ್ತದೆ. ಆ ಸೀಸದ ಕಾರಣಕ್ಕೇ ಈ ನೀರು ಕುಡಿಯಲು, ಅಡುಗೆಗೆ ಬೇಡ. ಹಿಂದಿನವರು ಮೂತಿಗೆ ನಲ್ಲಿ ಕೂರಿಸಿದ್ದರೆ ಕಿತ್ತುಹಾಕಿ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರ್ ಜಾಗ ಕೇಳುತ್ತದೆ. ಆವಿಗೆ ಹೊರದಾರಿ ಸದಾ ತೆರೆದಿರಬೇಕು. ಬಾಯ್ಲರನ್ನು ಬಚ್ಚಲಿನ ಒಳಗಲ್ಲ, ಹೊರಗೋಡೆಯ ಬದಿಗೆ ಮಾಡಿನ ಕೆಳಗೆ ನಿಲ್ಲಿಸಿ. ಅರೆಬರೆ ಉರಿದ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಕೆಂಡ ಪೂರ್ತಿ ಆರುವವರೆಗೆ ಹೊಗೆಕೊಳವೆಯನ್ನು ಮುಚ್ಚಬೇಡಿ.

ಎಲ್ಲ ಸರಿ ಕೂತಿದೆಯೇ ಎಂದು ತಿಳಿಯಲು ಉಪಕರಣ ಬೇಡ. ಹೊತ್ತಿಸಿ ಸ್ವಲ್ಪ ಹೊತ್ತಾದ ಮೇಲೆ ಹೊರಗೆ ನಿಂತು ಕೊಳವೆಯ ತುದಿ ನೋಡಿ. ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಸೌದೆ ಹಸಿ, ಇಲ್ಲವೇ ಗೂಡಿನ್ನೂ ಕಾದಿಲ್ಲ. ಕಪ್ಪಾಗಿದ್ದರೆ ಗಾಳಿ ಸಾಲದು, ಒಮ್ಮೆಗೇ ತುಂಬಿದ ಕರಟ ಕಡಿಮೆ ಮಾಡಿ, ಮೇಲಿನ ತೂತುಗಳನ್ನು ಬಿಡಿಸಿ. ಹೊಗೆ ಕಾಣದೆ ಬರೀ ಬಿಸಿಗಾಳಿ ಅಲುಗುತ್ತಿದ್ದರೆ ಒಲೆ ಹಾದಿಗೆ ಬಂದಿದೆ. ಇನ್ನು ವಾರಕ್ಕೊಮ್ಮೆ ಮಸಿ, ದಿನಕ್ಕೊಮ್ಮೆ ಬೂದಿ ತೆಗೆದರೆ ಸಾಕು.