ಮುಪ್ಪಿನ ಕೀಲುನೋವು: ಸವೆತವೋ, ಉರಿಯೂತವೋ?

ಎಪ್ಪತ್ತು ದಾಟಿದ ಅಜ್ಜಿಗೆ ಬೆಳಗ್ಗೆ ಎದ್ದು ಗಂಟೆಯಾದರೂ ಬೆರಳು ಮಡಚಲಾಗುತ್ತಿಲ್ಲ, ತಲೆ ಬಾಚಲು ತೋಳು ಮೇಲೇಳುತ್ತಿಲ್ಲ. ‘ವಯಸ್ಸಾಯ್ತಲ್ಲ, ಸವೆದಿರುತ್ತೆ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಎಕ್ಸ್-ರೇ ತೆಗೆಸಿದರೆ ಸವೆತ ಕಂಡೇ ಕಾಣುತ್ತದೆ. ಆ ವಯಸ್ಸಿನಲ್ಲಿ ಯಾರಿಗಿಲ್ಲ? ಅದರ ಮರೆಯಲ್ಲಿ ಉರಿಯೂತವಿದ್ದರೆ ಗೊತ್ತಾಗುವುದಿಲ್ಲ. ಅಲ್ಟ್ರಾಸೌಂಡ್ ಬೇಕಾಗುವುದು ಇಲ್ಲೇ. ಇದಕ್ಕೆ ವಿಕಿರಣವಿಲ್ಲ, ಪೇಸ್‌ಮೇಕರ್ ಇದ್ದವರಿಗೂ ಅಡ್ಡಿಯಿಲ್ಲ.

ಹೊಟ್ಟೆಯ ಸ್ಕ್ಯಾನಿಂಗಿನ ತತ್ವವೇ ಇಲ್ಲಿಯೂ. ಕೀಲು ಚರ್ಮದ ಕೆಳಗೇ ಇರುವುದರಿಂದ ಹೆಚ್ಚಿನ ಕಂಪನಾಂಕದ ಪ್ರೋಬ್ ಬಳಸುತ್ತಾರೆ. ಅದರ ಅಲೆಗಳು ಆಳಕ್ಕೆ ಹೋಗವು, ಆದರೆ ಚಿತ್ರ ಸೂಕ್ಷ್ಮವಾಗಿ ಮೂಡುತ್ತದೆ. ತುಂಬಿದ ನೀರು ಕಪ್ಪಗೆ, ಊದಿದ ಒಳಪೊರೆ ಕಡುಬೂದು, ಮೂಳೆಯ ಅಂಚು ಬಿಳಿಗೆರೆ. ಪವರ್ ಡಾಪ್ಲರ್ ಹಾಕಿದರೆ ಕೆರಳಿದ ಪೊರೆಯೊಳಗಿನ ರಕ್ತದ ಹರಿವು ಕಿತ್ತಳೆ ಚುಕ್ಕೆಗಳಾಗಿ ಮಿನುಗುತ್ತದೆ. ಅದನ್ನು 0ಯಿಂದ 3ರವರೆಗೆ ಅಳೆಯುತ್ತಾರೆ. ಪ್ರೋಬನ್ನು ಒತ್ತಿದರೆ ಚುಕ್ಕೆಗಳು ಮಾಯ! ಹಾಗಾಗಿ ಜೆಲ್ ಧಾರಾಳ ಹಾಕಿ, ಕೈ ಹಗುರಾಗಿಟ್ಟು ನೋಡಬೇಕು. ಯಂತ್ರ ಎಷ್ಟು ಹೊಸದು ಎನ್ನುವುದಕ್ಕಿಂತ ಕೀಲು ನೋಡಿ ಪಳಗಿದ ಕೈ ಮುಖ್ಯವೆಂದು ನಾನು ನಂಬುತ್ತೇನೆ.

ಎರಡೂ ಭುಜ ಬಿಗಿಯುವ ಪಾಲಿಮಯಾಲ್ಜಿಯಾ ರುಮ್ಯಾಟಿಕಾದಲ್ಲಿ ಭುಜದ ಸ್ನಾಯುರಜ್ಜುವಿನ ಸುತ್ತ ನೀರು ಕಾಣಬಹುದು. 2012ರ ಅಂತರರಾಷ್ಟ್ರೀಯ ಮಾನದಂಡ ಅದಕ್ಕೂ ಅಂಕ ಕೊಟ್ಟಿದೆ. ಇದರ ಜೊತೆಗೇ ಬರಬಹುದಾದ, ಐವತ್ತು ದಾಟಿದವರ ಇನ್ನೊಂದು ಕಾಯಿಲೆ ಜೈಂಟ್ ಸೆಲ್ ಆರ್ಟರೈಟಿಸ್. ನಮ್ಮಲ್ಲಿ ವಿರಳ; ತಡವಾದರೆ ಕಣ್ಣೇ ಹೋಗಬಹುದು. ಹೊಸದಾಗಿ ತಲೆನೋವು, ಅಗಿಯುವಾಗ ದವಡೆನೋವು ಇದರ ಸೂಚನೆಗಳು. ಕಣತಲೆಯ ರಕ್ತನಾಳದ ಗೋಡೆ ಊದಿ ಸುತ್ತ ಕಪ್ಪು ಬಳೆ ಕಾಣುವುದನ್ನು ಜರ್ಮನಿಯ ವೈದ್ಯರು 1997ರಲ್ಲಿ ವಿವರಿಸಿದರು. ಸ್ಟೀರಾಯ್ಡ್ ಶುರುವಾದರೆ ಕೆಲವೇ ದಿನಗಳಲ್ಲಿ ಬಳೆ ತೆಳುವಾಗತೊಡಗುತ್ತದೆ. ಸ್ಕ್ಯಾನ್ ಬೇಗ ಆಗಬೇಕು ನಿಜ, ಆದರೆ ಅದಕ್ಕಾಗಿ ಔಷಧ ತಡೆಹಿಡಿಯುವುದು ಸಲ್ಲದು.

ಚಿಕಿತ್ಸೆ ಶುರುವಾದ ಮೇಲೆ ಪ್ರತಿ ಭೇಟಿಗೂ ಸ್ಕ್ಯಾನ್ ಬೇಕೇ? ಆರಂಭದ ರುಮಟಾಯ್ಡ್ ಸಂಧಿವಾತದಲ್ಲಿ, ಕಟ್ಟುನಿಟ್ಟಾದ ತಪಾಸಣೆಯ ಜೊತೆ ಸ್ಕ್ಯಾನ್ ಸೇರಿಸಿದರೂ ಹೆಚ್ಚಿನ ಲಾಭ ಸಿಗಲಿಲ್ಲವೆಂದು ನಾರ್ವೆಯ ಆರ್ಕ್ಟಿಕ್ ಅಧ್ಯಯನ 2016ರಲ್ಲಿ ತೋರಿಸಿತು. ಅನುಮಾನ ಬಂದಾಗ ಮಾತ್ರ ಇದರ ನೆರವು ದೊಡ್ಡದು. ನೋವಿದೆ, ಬಾವು ಕೈಗೆ ಸಿಗುತ್ತಿಲ್ಲ ಎಂದಾಗ ಡಾಪ್ಲರಿನಲ್ಲೂ ಚುಕ್ಕೆಯಿಲ್ಲದಿದ್ದರೆ, ವೈದ್ಯರು ಔಷಧದ ಪ್ರಮಾಣ ಏರಿಸಲು ಹಿಂಜರಿಯುತ್ತಾರೆ. ಹಿರಿಯರಿಗೆ ಸೋಂಕು ಬೇಗ ತಗಲುವುದರಿಂದ ಈ ತಡೆ ಸಣ್ಣದಲ್ಲ.

ಸ್ಕ್ಯಾನಿಂಗಿಗೆ ಹೋಗುವಾಗ ಹಳೆಯ ವರದಿ ಒಯ್ಯಿರಿ. ಸ್ಟೀರಾಯ್ಡ್ ಯಾವಾಗ ಶುರುವಾಯಿತೆಂದು ಮೊದಲೇ ಹೇಳಿ.